ಸಿನಿಮಾ ಪ್ರಶ್ನೋತ್ತರ: ಅಂಟಿಸಿದ ಕಿವಿಯ ಆನೆ, ಸುತ್ತುಗೋಡೆಯೊಳಗಿನ ಆಫ್ರಿಕಾ

ಕಳೆದ ಸಂಚಿಕೆಯಲ್ಲಿ, 1940 ಮತ್ತು 50ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಅಗ್ಗದ ಕಾಡಿನ ಸಾಹಸ ಚಿತ್ರಗಳ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಎರಡು ಪುಟಗಳಿಗೆ ಬರಲಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಕಾಡಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಟೆಂಟಿನಲ್ಲಿ ‘ಜಂಗಲ್ ಜಿಮ್’ ಸರಣಿಯ ಒಂದು ಚಿತ್ರ ನೋಡಿದ್ದೆ. ಮಾತು ಒಂದೂ ಅರ್ಥವಾಗದಿದ್ದರೂ ವಾರಗಟ್ಟಲೆ ಅದೇ ಗುಂಗು ಇತ್ತು. ಈಚೆಗೆ ಮೊಮ್ಮಗ ಅಂಥದೇ ಒಂದನ್ನು ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದ. ಮೊಸಳೆ ರಬ್ಬರಿನದೆಂದು ಅವನು ಬಿದ್ದು ಬಿದ್ದು ನಕ್ಕ. ಅದು ನನಗೂ ಕಂಡಿತು. ಆದರೂ ಸಂತೋಷವೇನೂ ಕಡಿಮೆಯಾಗಲಿಲ್ಲ. ಇದು ಬರಿಯ ಬಾಲ್ಯದ ಮೋಹವೇ, ಆ ಚಿತ್ರಗಳಲ್ಲೇ ಏನಾದರೂ ಇದೆಯೇ?
ನಿವೃತ್ತ ಶಿಕ್ಷಕರು, ಅರಸೀಕೆರೆ

ಉತ್ತರ: ಬಾಲ್ಯದ ಪಾಲು ಇದ್ದೇ ಇದೆ. ಆದರೆ ಬಾಲ್ಯದಲ್ಲಿ ಮೆಚ್ಚಿದ ಎಷ್ಟೋ ಚಿತ್ರಗಳನ್ನು ಈಗ ಹತ್ತು ನಿಮಿಷವೂ ನೋಡಲಾಗುವುದಿಲ್ಲ, ಇವನ್ನು ನೋಡಬಹುದು. ಅದಕ್ಕೆ ಮೊದಲ ಕಾರಣವನ್ನು ವ್ಯಾಪಾರದ ಲೆಕ್ಕದಲ್ಲಿ ಹುಡುಕಬೇಕು. ಆಗ ಅಮೆರಿಕದ ಚಿತ್ರಮಂದಿರಗಳಲ್ಲಿ ಒಂದು ಟಿಕೆಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಇತ್ತು. ದೊಡ್ಡ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯ ಗಳಿಕೆಯಲ್ಲಿ ಶೇಕಡಾವಾರು ಪಾಲು ಸಿಗುತ್ತಿತ್ತು. ಜೊತೆಗೆ ಬರುವ ‘ಬಿ’ ದರ್ಜೆಯ ಸಣ್ಣ ಚಿತ್ರಕ್ಕೆ ಸಾಮಾನ್ಯವಾಗಿ ಮೊದಲೇ ಗೊತ್ತುಮಾಡಿದ ಬಾಡಿಗೆಯಷ್ಟೇ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬರುವ ಹಣ ಹೆಚ್ಚುವಂತಿಲ್ಲ ಎಂದಮೇಲೆ, ನಿರ್ಮಾಪಕನ ಲಾಭವೆಲ್ಲ ಉಳಿತಾಯದಲ್ಲೇ ಇರಬೇಕಾಗುತ್ತದೆ. ಹೀಗಾಗಿ ಈ ಚಿತ್ರಗಳು ಎಪ್ಪತ್ತು ನಿಮಿಷದ ಆಚೀಚೆಯಲ್ಲೇ ಮುಗಿಯುತ್ತವೆ. ನಾಯಕನ ಹಿಂದಿನ ಕಥೆಯಾಗಲಿ, ಅವನ ಮನಸ್ಸಿನ ತೊಳಲಾಟವಾಗಲಿ ಅವುಗಳಲ್ಲಿ ಇರುವುದಿಲ್ಲ. ನಕ್ಷೆ ಬಿಚ್ಚಿದರು, ಹೊರಟರು, ಹೊಳೆ ಅಡ್ಡ ಬಂತು, ಹೊಳೆಯಲ್ಲಿ ಮೊಸಳೆ ಬಂತು. ಮಾತು ತಿಳಿಯದ ಹುಡುಗನೂ ಹಿಂದೆ ಬೀಳದಂಥ ಈ ಓಟ ಒಂದು ಗುಣವೇ, ಅದನ್ನು ತಂದುಕೊಟ್ಟದ್ದು ಜಿಪುಣತನವಾದರೂ.

ಈ ಜಿಪುಣತನವನ್ನು ಒಂದು ಕಸುಬಿನ ಮಟ್ಟಕ್ಕೆ ಏರಿಸಿದವನು, ಕೊಲಂಬಿಯಾ ಸಂಸ್ಥೆಗೆ ‘ಜಂಗಲ್ ಜಿಮ್’ ಚಿತ್ರಗಳನ್ನು ಮಾಡಿಕೊಟ್ಟ ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್. ಇವನಿಗೆ ‘ಜಂಗಲ್ ಸ್ಯಾಮ್’ ಎಂದೇ ಅಡ್ಡಹೆಸರು. ಅಲೆಕ್ಸ್ ರೇಮಂಡ್ ಎಂಬ ಚಿತ್ರಕಾರ 1934ರಲ್ಲಿ ಪತ್ರಿಕೆಗಳಿಗೆ ಬರೆಯತೊಡಗಿದ್ದ ಕಾಮಿಕ್ಸ್ ಕಥೆಯ ನಾಯಕನನ್ನು ಎತ್ತಿಕೊಂಡು, 1948ರಿಂದ 1955ರವರೆಗೆ ಹದಿನಾರು ಚಿತ್ರಗಳನ್ನು ಅವನು ಹೊರತಂದ. ನಾಯಕ ಜಾನಿ ವೈಸ್‌ಮುಲ್ಲರ್. ಹನ್ನೆರಡು ಚಿತ್ರಗಳಲ್ಲಿ ಟಾರ್ಜಾನ್ ಆಗಿ ಬಳ್ಳಿಯಿಂದ ಬಳ್ಳಿಗೆ ಹಾರಿದ್ದ ಈತನಿಗೆ ಆಗ ನಲವತ್ತನಾಲ್ಕು ವಯಸ್ಸು, ಮೈ ತುಂಬಿಕೊಂಡಿತ್ತು. ಸೊಂಟದ ತುಂಡು ಬಟ್ಟೆಯ ಬದಲು ಬೇಟೆಗಾರನ ಅಂಗಿ ಷರಾಯಿ ತೊಡಿಸಿದ್ದರಿಂದ ಆ ತೊಂದರೆಯೂ ಮುಚ್ಚಿಹೋಯಿತು. ಸರಣಿಯ ಕೊನೆಯ ಮೂರು ಚಿತ್ರಗಳಲ್ಲಿ ನಾಯಕನ ಹೆಸರೇ ಜಾನಿ ವೈಸ್‌ಮುಲ್ಲರ್! ಜಂಗಲ್ ಜಿಮ್ ಎಂಬ ಹೆಸರಿನ ಹಕ್ಕು ಟೆಲಿವಿಷನ್ ಧಾರಾವಾಹಿಗೆ ಹೋಗಿತ್ತು. ಹೆಸರು ಹೋದರೂ ಅಂಗಿ, ಕಾಡು, ಜೊತೆಗಿದ್ದ ಚಿಂಪಾಂಜಿ ಎಲ್ಲವೂ ಇದ್ದವು, ಕೆಲಸ ನಿಲ್ಲಿಸುವುದೇಕೆ ಎಂದುಕೊಂಡಿರಬೇಕು.

ಈಗ ನಿಮ್ಮ ಮೊಸಳೆಗೆ ಬರೋಣ. ಹೊಳೆಯ ಕಾಳಗವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಮೊಸಳೆ ಬಾಲ ಅಲ್ಲಾಡಿಸುವುದಿಲ್ಲ. ಅದನ್ನು ತಿರುಗಿಸುತ್ತಿರುವವನು ನಾಯಕನೇ, ಸಾಯಿಸುತ್ತಿರುವವನೂ ಅವನೇ. ಆದರೆ ಅದಕ್ಕೆ ಮೊದಲು, ದಂಡೆಯಿಂದ ಧುಮುಕಿ ಹೊಳೆಯ ನಡುವಿಗೆ ಅವನು ಈಜಿ ಹೋಗುವ ಕೆಲವು ಕ್ಷಣಗಳಿವೆ. ತಲೆಯನ್ನೂ ಎದೆಯನ್ನೂ ನೀರಿನಿಂದ ಎತ್ತಿ ಹಿಡಿದು, ತೋಳಿನ ಒಂದೊಂದು ಬೀಸಿಗೂ ಮಾರುದ್ದ ಮುಂದೆ ಸಾಗುವ ಆ ಈಜಿನಲ್ಲಿ ಮೋಸವಿಲ್ಲ. 1922ರಲ್ಲಿ ನೂರು ಮೀಟರನ್ನು ಒಂದು ನಿಮಿಷದೊಳಗೆ ಈಜಿದ ಮೊದಲ ಮನುಷ್ಯ ಇವನೇ. 1924ರ ಪ್ಯಾರಿಸ್ ಮತ್ತು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗಳಲ್ಲಿ ಒಟ್ಟು ಐದು ಚಿನ್ನದ ಪದಕ ಗೆದ್ದವನೂ ಇವನೇ. ಸುತ್ತಲಿನದೆಲ್ಲ ಬಣ್ಣ ಬಳಿದದ್ದಾಗಿರುವಾಗ ಒಂದು ನಿಜವಾದ ವಸ್ತು ಎಷ್ಟು ಹೊಳೆಯುತ್ತದೆ ಎಂಬುದನ್ನು ಈ ಚಿತ್ರಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ನಾನು ದುಬಾರಿ ಚಿತ್ರಗಳಲ್ಲಿ ಕಂಡಿಲ್ಲ.

ಉಳಿದ ನಕಲಿಯ ಮಾತಿಗೆ ಬಂದರೆ, ನಮಗೆ ಅದು ಹೊಸದೇನಲ್ಲ. ಕಂಪನಿ ನಾಟಕದಲ್ಲಿ ದರ್ಬಾರಿನ ಪರದೆ ಮೇಲೆ ಹೋಗಿ ಕಾಡಿನ ಪರದೆ ಇಳಿದರೆ ಕಾಡು. ಬಯಲಾಟದಲ್ಲಿ ಅದೂ ಬೇಡ, ಪಾತ್ರಧಾರಿ ರಂಗದ ಮೇಲೆ ಒಂದು ಸುತ್ತು ಹಾಕಿ ಬಂದರೆ ಸಾಕು. ಕೊರತೆ ಬಿದ್ದದ್ದನ್ನು ನೋಡುವವನೇ ತುಂಬಿಕೊಳ್ಳುತ್ತಾನೆ, ಹಾಗೆ ತುಂಬಿಕೊಂಡದ್ದು ಅವನದೇ ಆಗಿ ಉಳಿಯುತ್ತದೆ. ಮೊಮ್ಮಗ ನೋಡಿ ಬೆಳೆದ ಚಿತ್ರಗಳಲ್ಲಿ ಕಂಪ್ಯೂಟರಿನಿಂದ ಬರೆದ ಮೊಸಳೆಯ ಬೆನ್ನಿನ ಒಂದೊಂದು ಹುರುಪೆಯೂ ಕಾಣುತ್ತದೆ. ಅವನಿಗೆ ತುಂಬಿಕೊಳ್ಳುವ ಕೆಲಸವೇ ಇಲ್ಲ. ಅವನ ನಗುವಿಗೆ ನೀವು ಬೇಸರಪಡಬೇಡಿ. ನಕ್ಕರೂ ಅವನು ಚಿತ್ರವನ್ನು ಪೂರ್ತಿ ನೋಡಿದನಲ್ಲವೇ?

ಪ್ರಶ್ನೆ: ಈ ಚಿತ್ರಗಳಲ್ಲಿ ಬರುವ ಕಾಡು ಯಾವುದು? ಆಫ್ರಿಕಾಕ್ಕೆ ಹೋಗಿ ಚಿತ್ರೀಕರಿಸುತ್ತಿದ್ದರೇ?
ಬಿ.ಎ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹೋಗಲಿಲ್ಲ, ಆಫ್ರಿಕಾವನ್ನು ಡಬ್ಬಿಯಿಂದ ತೆಗೆಯುತ್ತಿದ್ದರು. ಲಾಸ್ ಏಂಜಲೀಸ್ ಪಕ್ಕದ ಆರ್ಕೇಡಿಯಾ ಎಂಬಲ್ಲಿ ಒಬ್ಬ ಸಿರಿವಂತನ ಹಳೆಯ ಎಸ್ಟೇಟು ಇತ್ತು. ಅದರೊಳಗೊಂದು ಸಣ್ಣ ಕೆರೆ, ಕೆರೆಯ ಸುತ್ತ ತಾಳೆಯ ಜಾತಿಯ ಮರಗಳು. ಈಗ ಅದು ಕೌಂಟಿಯ ಸಸ್ಯೋದ್ಯಾನ. ಟಾರ್ಜಾನ್‌ನಿಂದ ಹಿಡಿದು ಜಂಗಲ್ ಜಿಮ್‌ವರೆಗೆ ಎಷ್ಟೋ ಚಿತ್ರಗಳ ದಟ್ಟಾರಣ್ಯ ಎಂದರೆ ಇದೇ ಕೆರೆಯ ದಂಡೆ. ಎಸ್ಟೇಟಿನ ಮೊದಲಿನ ಒಡೆಯ ಹತ್ತೊಂಬತ್ತನೆಯ ಶತಮಾನದಲ್ಲೇ ಭಾರತದಿಂದ ನವಿಲುಗಳನ್ನು ತರಿಸಿ ಬಿಟ್ಟಿದ್ದ. ಅವುಗಳ ಸಂತತಿ ಇಂದಿಗೂ ಆ ಊರಿನ ಬೀದಿಗಳಲ್ಲಿ ಓಡಾಡುತ್ತಿದೆ. ಬಂಡೆ, ಗುಡ್ಡ ಬೇಕಾದಾಗ ಕೌಬಾಯ್ ಚಿತ್ರಗಳಿಗೆ ಬಾಡಿಗೆಗೆ ಕೊಡುತ್ತಿದ್ದ ರ‍್ಯಾಂಚುಗಳಿಗೆ ಹೋಗುತ್ತಿದ್ದರು. ಅಂಥ ಒಂದು ರ‍್ಯಾಂಚಿನ ಒಡೆಯ ರೇ ಕಾರಿಗನ್ ತಾನೇ ನಟನಾಗಿದ್ದವನು. ಕೌಬಾಯ್ ವೇಷ ಇಲ್ಲದಾಗ ಗೊರಿಲ್ಲಾ ವೇಷ ಹಾಕುತ್ತಿದ್ದ. ಗೊರಿಲ್ಲಾದ ತೊಗಲು ಅವನ ಸ್ವಂತದ್ದು.

ಆನೆಯ ಹಿಂಡು, ಸಿಂಹದ ಬೇಟೆ, ಜಿರಾಫೆಗಳ ಓಟ ಇವೆಲ್ಲ ಬೇರೆ ಯಾರೋ ಎಂದೋ ಚಿತ್ರಿಸಿ ತಂದ ರೀಲುಗಳಿಂದ ಬರುತ್ತಿದ್ದವು. ಇದಕ್ಕೆ ಸ್ಟಾಕ್ ಷಾಟ್ ಎಂದು ಹೆಸರು. ಎಂ.ಜಿ.ಎಂ. ಸಂಸ್ಥೆ 1931ರ ‘ಟ್ರೇಡರ್ ಹಾರ್ನ್’ ಚಿತ್ರಕ್ಕಾಗಿ ನಿಜವಾಗಿಯೂ ಆಫ್ರಿಕಾಕ್ಕೆ ತಂಡ ಕಳುಹಿಸಿತ್ತು. ಅಲ್ಲಿಂದ ಬಂದ ರೀಲುಗಳಲ್ಲಿ ಉಳಿದದ್ದು ಮರುವರ್ಷದ ಟಾರ್ಜಾನ್ ಚಿತ್ರಕ್ಕೆ ಒದಗಿತು. ಟಾರ್ಜಾನ್‌ನ ಮಗನಾಗಿ ನಟಿಸುತ್ತಿದ್ದ ಜಾನಿ ಶೆಫೀಲ್ಡ್ ಬೆಳೆದ ಮೇಲೆ ಅವನನ್ನು ನಾಯಕನನ್ನಾಗಿ ಮಾಡಿ 1949ರಿಂದ 1955ರವರೆಗೆ ‘ಬಾಂಬಾ’ ಎಂಬ ಹನ್ನೆರಡು ಚಿತ್ರಗಳ ಸರಣಿ ಬಂತು. ಅದರ ಪ್ರಾಣಿಗಳಲ್ಲಿ ಬಹಳಷ್ಟು 1930ರ ‘ಆಫ್ರಿಕಾ ಸ್ಪೀಕ್ಸ್’ ಎಂಬ ಪ್ರವಾಸ ಚಿತ್ರದವು. ಹುಡುಗ ಪೊದೆಯಿಂದ ತಲೆ ಹೊರಹಾಕುತ್ತಾನೆ, ಕಣ್ಣರಳಿಸುತ್ತಾನೆ. ಮುಂದಿನ ಷಾಟಿನಲ್ಲಿ ಚಿತ್ರದ ಬಣ್ಣವೇ ಬೂದಿ ಬೂದಿ, ಎಲ್ಲೆಡೆ ಕಾಳು ಕಾಳು, ಅದರೊಳಗೆ ಇಪ್ಪತ್ತು ವರ್ಷ ಹಿಂದಿನ ಸಿಂಹ. ಮತ್ತೆ ಹುಡುಗ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರುವುದೇ ಇಲ್ಲ. ಚಿತ್ರ ಸಂಕಲನ ಎಂದರೇನೆಂದು ವಿದ್ಯಾರ್ಥಿಗಳಿಗೆ ಕಲಿಸಬೇಕಾದವರು ದೊಡ್ಡವರ ಶ್ರೇಷ್ಠ ಕೃತಿಗಳಿಗಿಂತ ಮೊದಲು ಇದನ್ನು ತೋರಿಸಲಿ ಎಂಬುದು ನನ್ನ ಅಭಿಪ್ರಾಯ. ಹೊಲಿಗೆ ಹೊರಗೆ ಕಾಣುವ ಬಟ್ಟೆಯಲ್ಲೇ ಹೊಲಿಗೆ ಕಲಿಯುವುದು ಸುಲಭ. ಅಂದಹಾಗೆ ಬಾಂಬಾ ಚಿತ್ರಗಳ ನಿರ್ಮಾಪಕ ವಾಲ್ಟರ್ ಮಿರಿಷ್ ಮುಂದೆ, 1967ರ ‘ಇನ್ ದ ಹೀಟ್ ಆಫ್ ದ ನೈಟ್’ ಚಿತ್ರಕ್ಕೆ, ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ.

ಪ್ರಶ್ನೆ: ನಮ್ಮ ತಂದೆ ಆನೆ ಕ್ಯಾಂಪಿನಲ್ಲಿ ಕೆಲಸ ಮಾಡಿದವರು. ಹಳೆಯ ಟಾರ್ಜಾನ್ ಚಿತ್ರವೊಂದನ್ನು ತೋರಿಸಿದರೆ “ಇದು ಆಫ್ರಿಕಾದ ಆನೆಯಲ್ಲ, ನಮ್ಮದೇ” ಎಂದು ಹಟ ಹಿಡಿದರು. ಕಿವಿ ಮಾತ್ರ ಅಗಲವಾಗಿತ್ತು. ಯಾರದು ಸರಿ?
ಓದುಗರು, ಹುಣಸೂರು

ಉತ್ತರ: ತಂದೆಯವರದೇ ಸರಿ. ಏಷ್ಯಾದ ಆನೆಗಳನ್ನು ಪಳಗಿಸುವ ವಿದ್ಯೆ ಹಳೆಯದು. ಅಮೆರಿಕದ ಸರ್ಕಸ್ಸುಗಳಲ್ಲೂ ಸ್ಟುಡಿಯೋಗಳಲ್ಲೂ ಇದ್ದವು ಹೆಚ್ಚಾಗಿ ಅವೇ. ಕಥೆ ಆಫ್ರಿಕಾದ್ದಾಗಿದ್ದರಿಂದ ಎಂ.ಜಿ.ಎಂ.ನವರು ಅವುಗಳಿಗೆ ದೊಡ್ಡ ಕೃತಕ ಕಿವಿಗಳನ್ನು ಜೋಡಿಸಿದರು. ಆದರೆ ಆನೆಯನ್ನು ಕಿವಿಯೊಂದರಿಂದಲೇ ಗುರುತಿಸುವವರು ಆನೆಯ ಜೊತೆ ಬಾಳದವರು. ನಮ್ಮ ಆನೆಯ ಬೆನ್ನು ನಡುವೆ ಉಬ್ಬಿರುತ್ತದೆ, ಆಫ್ರಿಕಾದ ಆನೆಯದು ತಗ್ಗಾಗಿರುತ್ತದೆ. ನಮ್ಮದರ ನೆತ್ತಿಯಲ್ಲಿ ಜೋಡಿ ಗುಬ್ಬಗಳಿವೆ. ಸೊಂಡಿಲ ತುದಿಯಲ್ಲಿ ನಮ್ಮದಕ್ಕೆ ಒಂದೇ ಬೆರಳು, ಅದಕ್ಕೆ ಎರಡು. ಇಷ್ಟನ್ನೂ ಬದಲಾಯಿಸುವ ಕಿವಿಯನ್ನು ಯಾವ ಸ್ಟುಡಿಯೋವೂ ತಯಾರಿಸಲಾರದು.

ಇದರ ಜೊತೆಗೆ ಕಿವಿಗೊಟ್ಟು ಕೇಳಬೇಕಾದ ಇನ್ನೊಂದು ಇದೆ. ಆ ಚಿತ್ರಗಳಲ್ಲಿ ಕಾಡು ಬಂದ ಕೂಡಲೇ ಯಾವುದೋ ಪ್ರಾಣಿ ಗಹಗಹಿಸಿ ನಗುವ ಸದ್ದು ಬರುತ್ತದೆ. ಅದು ಮಂಗವಲ್ಲ, ಕೂಕಬುರಾ ಎಂಬ ಆಸ್ಟ್ರೇಲಿಯಾದ ಹಕ್ಕಿ. ನಮ್ಮ ಕೆರೆಗಳ ಮಿಂಚುಳ್ಳಿಯ ದೊಡ್ಡಣ್ಣನೆನ್ನಬಹುದು. ಕ್ಯಾಲಿಫೋರ್ನಿಯಾದ ಕೆರೆ, ಭಾರತದ ಆನೆ, ಆಸ್ಟ್ರೇಲಿಯಾದ ಹಕ್ಕಿಯ ದನಿ, ಎಲ್ಲ ಸೇರಿ ಕಾಂಗೋ! ಹುಲಿಯ ವಿಷಯವಂತೂ ಕೇಳಲೇಬೇಡಿ. ಆಫ್ರಿಕಾದಲ್ಲಿ ಹುಲಿಯೇ ಇಲ್ಲ. ಟಾರ್ಜಾನ್ ಕಥೆ 1912ರಲ್ಲಿ ಮೊದಲು ಪತ್ರಿಕೆಯಲ್ಲಿ ಬಂದಾಗ ಅದರಲ್ಲೂ ಹುಲಿ ಇತ್ತು. ಪುಸ್ತಕವಾಗುವ ಹೊತ್ತಿಗೆ ಲೇಖಕರು ಅದನ್ನು ಸಿಂಹಿಣಿಯನ್ನಾಗಿ ತಿದ್ದಿದರು. ಚಿತ್ರ ತೆಗೆಯುವವರು ಆ ತಿದ್ದುಪಡಿಗೆ ಬಹಳ ಬೆಲೆ ಕೊಟ್ಟಂತೆ ಕಾಣುವುದಿಲ್ಲ.

ಪ್ರಶ್ನೆ: ಎಲ್ಲರೂ ಈ ಚಿತ್ರಗಳ ಸೊಗಸನ್ನೇ ಹೇಳುತ್ತೀರಿ. ಅವುಗಳಲ್ಲಿ ಕಪ್ಪು ಜನರನ್ನು ಹೇಗೆ ತೋರಿಸಿದ್ದಾರೆ ಎಂಬುದು ನಿಮಗೆ ಕಾಣುವುದಿಲ್ಲವೇ? ಅವನ್ನು ಮೆಚ್ಚಿಕೊಳ್ಳುವುದು ತಪ್ಪಲ್ಲವೇ?
ಇತಿಹಾಸ ಉಪನ್ಯಾಸಕಿ, ಕಲಬುರಗಿ

ಉತ್ತರ: ಕಾಣುತ್ತದೆ. ಬಂದ ಪತ್ರಗಳಲ್ಲೆಲ್ಲ ನಿಮ್ಮದೇ ಗಟ್ಟಿಯಾದ ಪ್ರಶ್ನೆ. ಮೊದಲನೆಯ ಉತ್ತರದಲ್ಲಿ ನಾನು ಬಯಲಾಟದ ಮಾತು ಹೇಳಿದೆ. ಆ ಹೋಲಿಕೆ ಇಲ್ಲಿ ಮುರಿದುಬೀಳುತ್ತದೆ. ಬಯಲಾಟ ತಾನು ಆಟವೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ಈ ಚಿತ್ರಗಳು ತಾವು ತೋರಿಸುತ್ತಿರುವುದು ಆಫ್ರಿಕಾ ಎಂದೇ ಹೇಳುತ್ತವೆ. ಮೊಸಳೆ ರಬ್ಬರಿನದೆಂದು ಐದನೆಯ ತರಗತಿಯ ಹುಡುಗನಿಗೂ ಗೊತ್ತಾಗುತ್ತದೆ. ಆದರೆ ಈಟಿ ಹಿಡಿದು ಕುಣಿಯುವವರು, ಹೆದರಿ ಗಂಟುಮೂಟೆ ಬಿಸುಟು ಓಡುವ ಹಮಾಲರು, ಬಿಳಿಯ ಹೆಣ್ಣೊಬ್ಬಳನ್ನು ದೇವತೆಯೆಂದು ಪೂಜಿಸುವ ಕುಲದವರು, ಇವರೂ ಅದೇ ಕಾರ್ಖಾನೆಯ ರಬ್ಬರೆಂದು ಅವನಿಗೆ ಯಾರು ಹೇಳಬೇಕು? ಆನೆಯ ಕಿವಿಯ ಮೋಸವನ್ನು ಹುಣಸೂರಿನ ಹಿರಿಯರು ಹಿಡಿದರು, ಏಕೆಂದರೆ ಅವರು ಆನೆಯನ್ನು ಕಂಡವರು. ಮನುಷ್ಯರ ವಿಷಯದ ಮೋಸವನ್ನು ಹಿಡಿಯಬಲ್ಲವರು ಅಮೆರಿಕದ ಸಣ್ಣ ಊರಿನ ಚಿತ್ರಮಂದಿರದಲ್ಲಿ ಇರಲಿಲ್ಲ. ನಮ್ಮ ಟೆಂಟಿನಲ್ಲೂ ಇರಲಿಲ್ಲ.

ನನಗನ್ನಿಸುವುದು ಇಷ್ಟು. ಈ ಚಿತ್ರಗಳ ಸೊಗಸೂ ಕೇಡೂ ಹುಟ್ಟಿದ್ದು ಒಂದೇ ಅಭ್ಯಾಸದಿಂದ: ಕೈಗೆ ಸಿಕ್ಕ ಸಿದ್ಧ ಸರಕನ್ನು ಬಳಸುವುದು. ಸಿಂಹ ಬೇಕಾದಾಗ ಸಿಂಹದ ಹಳೆಯ ರೀಲು, ಆಫ್ರಿಕಾದವನು ಬೇಕಾದಾಗ ಅವನ ಬಗೆಗಿನ ಹಳೆಯ ಕಲ್ಪನೆ. ಹೊಸದಾಗಿ ಹೋಗಿ ನೋಡಿ ಬರುವುದಕ್ಕೆ ಹಣವೂ ಇಲ್ಲ, ಮನಸ್ಸೂ ಇಲ್ಲ. ಆದರೂ ಎಲ್ಲ ತಪ್ಪನ್ನೂ ಬಡತನದ ತಲೆಗೆ ಕಟ್ಟಲಾಗದು. ಬೇಕಾದಷ್ಟು ಹಣವಿದ್ದ ಸ್ಟುಡಿಯೋಗಳೂ ಅದೇ ಕಲ್ಪನೆಯನ್ನು ಇನ್ನೂ ಒಪ್ಪವಾಗಿ ಮಾರಿದವು. ಇತಿಹಾಸದವರಾದ ನಿಮಗೆ ಒಂದು ಇಸವಿಯನ್ನು ನೆನಪಿಸುತ್ತೇನೆ. ಜಂಗಲ್ ಜಿಮ್ ಸರಣಿಯ ಕೊನೆಯ ಚಿತ್ರ ಬಂದದ್ದು 1955ರಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ ಮತ್ತು ಆಫ್ರಿಕಾದ ಇಪ್ಪತ್ತೊಂಬತ್ತು ದೇಶಗಳ ಪ್ರತಿನಿಧಿಗಳು ಸೇರಿದ್ದರು, ನೆಹರೂ ಅವರೂ ಇದ್ದರು. ಕೆನ್ಯಾದಲ್ಲಿ ಬ್ರಿಟಿಷರ ವಿರುದ್ಧದ ಹೋರಾಟ ನಡೆದಿತ್ತು. ಇನ್ನೆರಡು ವರ್ಷಗಳಲ್ಲಿ ಘಾನಾ ಸ್ವತಂತ್ರವಾಯಿತು. ತೆರೆಯ ಮೇಲೆ ಮಾತ್ರ ಊರ ಮುಖಂಡ ಇನ್ನೂ ಬಿಳಿಯ ಬೇಟೆಗಾರನ ಸಲಹೆಗೆ ಕಾಯುತ್ತ ನಿಂತಿದ್ದ.

ಮೆಚ್ಚುವುದು ತಪ್ಪೇ ಎಂದು ಕೇಳಿದ್ದೀರಿ. ಈಜನ್ನು ಮೆಚ್ಚುವುದನ್ನು ನಾನು ಬಿಡಲಾರೆ. ಡೋಲಿನ ಸದ್ದು ಶುರುವಾಗಿ ಮುಖಕ್ಕೆ ಬಣ್ಣ ಬಳಿದವರ ಸಾಲು ಬಂದಾಗ ಮುಜುಗರವಾಗದೆ ಹೋದರೆ, ಆಗ ನನ್ನ ಮೆಚ್ಚಿಕೆಯ ಮೇಲೆ ನಾನೇ ಅನುಮಾನಪಡಬೇಕಾಗುತ್ತದೆ. ಮಕ್ಕಳ ಜೊತೆ ನೋಡುವವರು ಅಲ್ಲೊಂದು ಮಾತು ಹೇಳುವುದು ಒಳ್ಳೆಯದು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಚಿತ್ರಗಳನ್ನು ಯಾರಾದರೂ ಮಾಡಿದರೇ?
ಓದುಗರು, ತುಮಕೂರು

ಉತ್ತರ: ಮಾಡಿದರು. ಮುಂಬಯಿಯ ವಾಡಿಯಾ ಸಹೋದರರು 1937ರಲ್ಲೇ ಜಾನ್ ಕಾವಸ್ ಎಂಬ ಕಟ್ಟುಮಸ್ತಾದ ನಟನನ್ನು ಹಾಕಿಕೊಂಡು ‘ತೂಫಾನಿ ಟಾರ್ಜಾನ್’ ತೆಗೆದಿದ್ದರು. 1958ರಲ್ಲಿ ಹೋಮಿ ವಾಡಿಯಾ ಅವರ ‘ಜಿಂಬೋ’ ಬಂತು. ಇದಕ್ಕಿಂತ ಸ್ವಾರಸ್ಯವಾದದ್ದು ಸೇಲಂನ ಕಥೆ. ಟಿ.ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್, 1952ರಲ್ಲಿ ಅಮೆರಿಕದವರೊಡನೆ ಸೇರಿ ಇಂಗ್ಲಿಷಿನಲ್ಲಿ ‘ದ ಜಂಗಲ್’, ತಮಿಳಿನಲ್ಲಿ ‘ಕಾಡು’ ಎಂಬ ಚಿತ್ರ ತಯಾರಿಸಿತು. ನಿರ್ದೇಶಕ ವಿಲಿಯಂ ಬರ್ಕ್. ಜಂಗಲ್ ಜಿಮ್‌ನ ಮೊದಲ ಚಿತ್ರವನ್ನು ನಿರ್ದೇಶಿಸಿದವನೇ. ಕಥೆಯಲ್ಲಿ ಆನೆಗಳು ಬೆದರಿ ಊರಿಗೆ ನುಗ್ಗಲು ಕಾರಣ ಇತಿಹಾಸಪೂರ್ವದ ರೋಮದ ಮ್ಯಾಮತ್‌ಗಳು. ಆ ಮ್ಯಾಮತ್‌ಗಳಾದರೂ ಉದ್ದ ಕೂದಲು ಹೊದಿಸಿದ ಆನೆಗಳೇ. ಹಾಲಿವುಡ್‌ನಲ್ಲಿ ಕಿವಿ, ಸೇಲಂನಲ್ಲಿ ಕೂದಲು! ಆ ಬಿಸಿಲಿನಲ್ಲಿ ಆ ಹೊದಿಕೆ ಹೊತ್ತು ನಿಂತ ಆನೆಗಳನ್ನು ನೆನೆದರೆ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ.

ಪ್ರಶ್ನೆ: ಸಾಬು ಎಂಬ ನಟ ನಮ್ಮ ಮೈಸೂರು ಕಡೆಯವನೆಂದು ಕೇಳಿದ್ದೇನೆ. ಅವನೂ ಈ ಬಗೆಯ ಚಿತ್ರಗಳಲ್ಲಿ ನಟಿಸಿದ್ದನೇ?
ಗೃಹಿಣಿ, ಮೈಸೂರು

ಉತ್ತರ: ನಟಿಸಿದ್ದ, ಮತ್ತು ಅದು ಸ್ವಲ್ಪ ಸಂಕಟದ ಕಥೆ. ಸಾಬು ಹುಟ್ಟಿದ್ದು 1924ರಲ್ಲಿ, ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. ಕಿಪ್ಲಿಂಗ್‌ನ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ, ಅರಮನೆಯ ಆನೆ ಲಾಯದಲ್ಲಿದ್ದ ಈ ತಬ್ಬಲಿ ಹುಡುಗ ಬಿದ್ದ. ಚಿತ್ರದ ಉಳಿದ ಭಾಗವನ್ನು ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನಲ್ಲಿ ಮುಗಿಸಿದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಗಿ, ಇಬ್ಬರಿಗೂ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಬಹುಮಾನ ಬಂತು. ಅಲ್ಲಿಂದ ಲಂಡನ್, ಅಲ್ಲಿಂದ ಹಾಲಿವುಡ್. 1940ರ ‘ಥೀಫ್ ಆಫ್ ಬಾಗ್ದಾದ್’, 1942ರ ‘ಜಂಗಲ್ ಬುಕ್’ ಇವೆಲ್ಲ ದೊಡ್ಡ ವೆಚ್ಚದ ಬಣ್ಣದ ಚಿತ್ರಗಳು. ಯುದ್ಧಕಾಲದಲ್ಲಿ ಅಮೆರಿಕದ ಪೌರತ್ವ ಪಡೆದು ಬಾಂಬರ್ ವಿಮಾನದ ಬಾಲದ ತುದಿಯ ಗೋಪುರದಲ್ಲಿ ಬಂದೂಕು ಹಿಡಿದು ಕುಳಿತ. ಶೌರ್ಯಕ್ಕಾಗಿ ಪದಕವನ್ನೂ ಪಡೆದ.

ಯುದ್ಧದಿಂದ ಮರಳಿದವನಿಗೆ ಕೆಲವು ಒಳ್ಳೆಯ ಪಾತ್ರಗಳು ಸಿಕ್ಕವು, ಬಳಿಕ ಉಳಿದದ್ದು ಹೆಚ್ಚಾಗಿ ಅಗ್ಗದ ಕಾಡುಗಳೇ. ಬೇರೆ ನಟರಿಗೆ ವಯಸ್ಸಾದಂತೆ ಪಾತ್ರಗಳಿಗೂ ವಯಸ್ಸಾಗುತ್ತದೆ. ಮೂವತ್ತು ದಾಟಿದರೂ ಇವನು ಮಾತ್ರ ಪೇಟ ಸುತ್ತಿದ ಕಾಡಿನ ಹುಡುಗನೇ ಆಗಿರಬೇಕಾಯಿತು. ದೊಡ್ಡ ಪಾತ್ರಗಳು ಅವನಿಗೆ ದಕ್ಕುವಂತಿರಲಿಲ್ಲ: 1949ರ ‘ಸಾಂಗ್ ಆಫ್ ಇಂಡಿಯಾ’ದಲ್ಲಿ ಭಾರತದ ರಾಜಕುಮಾರಿಯಾಗಿ ಅಮೆರಿಕದ ಗೇಲ್ ರಸೆಲ್, ರಾಜಕುಮಾರನಾಗಿ ವಿಯೆನ್ನಾದಲ್ಲಿ ಹುಟ್ಟಿದ ಟರ್ಹಾನ್ ಬೇ, ಕಾರಾಪುರದವನು ಕಾಡಿನವನು. 1956ರ ‘ಜಂಗಲ್ ಹೆಲ್’ ಎಂಬ ಚಿತ್ರದಲ್ಲಂತೂ ಅವನ ಕಾಡಿಗೆ ಹಾರುವ ತಟ್ಟೆಯೂ ಬಂತು. 1963ರ ಡಿಸೆಂಬರ್ 2ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡ.

ಅವನ ಚಿತ್ರಗಳಲ್ಲಿ ಒಂದನ್ನೇ ನೋಡುವುದಾದರೆ ಮೊದಲನೆಯದನ್ನೇ ನೋಡಿ. ಅದರಲ್ಲೂ ಲಂಡನ್ನಿನ ಸ್ಟುಡಿಯೋದಲ್ಲಿ ತೆಗೆದ ಮಾತಿನ ದೃಶ್ಯಗಳು ಮಂಕಾಗಿವೆ. ಮೈಸೂರಿನಲ್ಲಿ ತೆಗೆದ ಭಾಗ ಬಂದಾಗ ಗಮನಿಸಿ: ಕಾಲಾ ನಾಗ್ ಎಂಬ ಆ ಭಾರೀ ಆನೆಯ ಕತ್ತಿನ ಮೇಲೆ, ಹನ್ನೊಂದು ಹನ್ನೆರಡರ ಹುಡುಗ ನಮ್ಮ ಮನೆಯ ಜಗುಲಿಯ ಮೇಲೆ ಕೂತಷ್ಟು ಸಲೀಸಾಗಿ ಕೂತಿರುತ್ತಾನೆ. ಕಾಲುಗಳೆರಡೂ ಕಿವಿಗಳ ಹಿಂದೆ. ಆ ಕಿವಿಗಳು ಆನೆಯವೇ.